ದೂರದ ಬಂಧುಗಳೊಡನೆ ಸಂಪರ್ಕ: 19ನೆಯ ಶತಮಾನದ ಮೈಸೂರು ಸೀಮೆ

ದೂರದ ಊರಿನಲ್ಲಿರುವ ಮನೆಯವರ ಯೋಗಕ್ಷೇಮ ತಿಳಿಯಲು 19ನೆಯ ಶತಮಾನದ ಕನ್ನಡ ನಾಡಿನಲ್ಲಿ ಎರಡು ದಾರಿಗಳಿದ್ದವು. ಒಂದು, ಆ ಕಡೆ ಹೋಗಿಬರುವವರ ಬಾಯಿಮಾತು, ಇನ್ನೊಂದು, ಕಾಗದ. ಶತಮಾನದ ಮುಕ್ಕಾಲು ಪಾಲು ಕಳೆಯುವವರೆಗೂ ಬಹುಪಾಲು ಸಂಸಾರಗಳು ನೆಚ್ಚಿಕೊಂಡಿದ್ದುದು ಮೊದಲನೆಯದನ್ನೇ. 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು ಬಂದ ಮೇಲೆ ಕಾಗದ ಸಾಮಾನ್ಯರ ಕೈಗೆ ಎಟುಕಿತು. ಆಗಲೂ ಬರೆಯುವವನೊಬ್ಬ, ಓದುವವನೊಬ್ಬ ಬೇರೆಯೇ ಇರುತ್ತಿದ್ದುದರಿಂದ ಅದು ಇಬ್ಬರ ನಡುವಿನ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಜಗಲಿಯ ಮೇಲೆ ಹತ್ತು ಜನ ಕೂತು ಕೇಳುವ ಸುದ್ದಿಯಾಗಿತ್ತು.

ದೂರದ ಅಳತೆಯೂ ಆಗ ಬೇರೆ. ಉದಾಹರಣೆಗೆ, ಬೆಂಗಳೂರಿನ ಇಂದಿನ ರಾಜರಾಜೇಶ್ವರಿನಗರ ಇರುವ ಕಡೆ ಹಲಗೆವಡೇರಹಳ್ಳಿ, ಪಟ್ಟಣಗೆರೆ, ಕೆಂಚೇನಹಳ್ಳಿ, ಚನ್ನಸಂದ್ರ ಮುಂತಾದ ಬೇಸಾಯದ ಹಳ್ಳಿಗಳಿದ್ದವು. ಹತ್ತಿರದ ಪೇಟೆ ಕೆಂಗೇರಿ. ಬೆಂಗಳೂರಿನಿಂದ ಕೆಂಗೇರಿ, ಬಿಡದಿ, ಕ್ಲೋಸ್‌ಪೇಟೆ ಎನಿಸಿದ್ದ ಈಗಿನ ರಾಮನಗರ, ಚನ್ನಪಟ್ಟಣ, ಮದ್ದೂರು, ಶ್ರೀರಂಗಪಟ್ಟಣಗಳನ್ನು ಹಾಯ್ದು ಮೈಸೂರಿಗೆ ಹೋಗುವ ಹೆದ್ದಾರಿ ಈ ಹಳ್ಳಿಗಳ ಪಕ್ಕದಲ್ಲೇ ಸಾಗುತ್ತಿತ್ತು. ಎತ್ತಿನ ಗಾಡಿಯಲ್ಲಿ ಹೊರಟವರು ಮೈಸೂರು ಸೇರಲು ನಾಲ್ಕೈದು ದಿನ ಹಿಡಿಯುತ್ತಿತ್ತು. ಹಾಗಾಗಿ ಹೆಣ್ಣು ಕೊಟ್ಟು ತರುವುದು ಆದಷ್ಟೂ ಒಂದು ಹಗಲಿನ ನಡಿಗೆಯ ಒಳಗಿನ ಊರುಗಳಲ್ಲೇ ನಡೆಯುತ್ತಿತ್ತು. ಮದ್ದೂರಿನ ಕಡೆಗೆ ಮದುವೆಯಾಗಿ ಹೋದ ಹೆಣ್ಣುಮಗಳು ಈ ಹಳ್ಳಿಯವರ ಪಾಲಿಗೆ ದೂರದೇಶಕ್ಕೆ ಹೋದ ಹಾಗೆಯೇ.

ಮೈಲಿಗಳ ಜೊತೆಗೆ ಗಡಿಗಳೂ ಬಂಧುಗಳನ್ನು ದೂರ ಮಾಡಿದ್ದವು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕನ್ನಡ ಮಾತಾಡುವ ಜನ ಮೈಸೂರು ಸಂಸ್ಥಾನ, ಮದರಾಸು ಪ್ರಾಂತ, ಮುಂಬಯಿ ಪ್ರಾಂತ, ನಿಜಾಮನ ಸೀಮೆ, ಕೊಡಗು ಮತ್ತು ಹಲವು ಸಣ್ಣ ಸಂಸ್ಥಾನಗಳಲ್ಲಿ ಹಂಚಿಹೋದರು. ಮಂಗಳೂರು, ಕಾಸರಗೋಡು, ಬಳ್ಳಾರಿ ಮದರಾಸಿಗೆ ಸೇರಿದವು. ಧಾರವಾಡ, ಬೆಳಗಾವಿ ಮುಂಬಯಿಗೆ. ಒಂದೇ ಜಿಲ್ಲೆಯಾಗಿದ್ದ ಕೆನರಾ ಕೂಡ ಇಬ್ಭಾಗವಾಗಿ 1862ರಲ್ಲಿ ಉತ್ತರದ ಪಾಲು ಮುಂಬಯಿಗೆ ಹೋಯಿತು. ಕಚೇರಿಯ ನುಡಿ, ನಾಣ್ಯ, ಟಪಾಲಿನ ವ್ಯವಸ್ಥೆ ಎಲ್ಲವೂ ಕಡೆಗೊಂದು ಬಗೆ. ಬಳ್ಳಾರಿಯ ಅಣ್ಣನ ಕ್ಷೇಮ ರಾಯಚೂರಿನ ತಮ್ಮನಿಗೆ ತಿಳಿಯಬೇಕಾದರೆ ಕಾಗದ ತುಂಗಭದ್ರೆಯ ಜೊತೆಗೆ ಎರಡು ಸರ್ಕಾರಗಳನ್ನೂ ದಾಟಬೇಕಿತ್ತು.

ಓಡಾಟವೇ ಕಸುಬಾದವರು ಸುದ್ದಿಯನ್ನೂ ಹೊತ್ತು ನಡೆಯುತ್ತಿದ್ದರು. ಸಂತೆಯಿಂದ ಸಂತೆಗೆ ಹೋಗುವ ಗಾಡಿಯವರು, ಉಪ್ಪು ಬೆಲ್ಲದ ವ್ಯಾಪಾರಿಗಳು, ದಾಸಯ್ಯಗಳು, ಜಂಗಮರು ಎಲ್ಲರೂ ಈ ಕೆಲಸಕ್ಕೆ ಒದಗಿಬರುತ್ತಿದ್ದರು. ಹೆಂಗಸರ ಪಾಲಿಗೆ ಇವರಲ್ಲಿ ಮುಖ್ಯನಾದವನು ಬಳೆಗಾರ. ಮನೆಯೊಳಗಿನವರ ಎದುರು ಕೂತು ಕೈ ಹಿಡಿದು ಬಳೆ ತೊಡಿಸುವ ಹೊರಗಿನ ಗಂಡಸು ಅವನೊಬ್ಬನೇ ಆದ್ದರಿಂದ ಅತ್ತೆಯ ಕಣ್ಣು ತಪ್ಪಿಸಿ ತವರಿಗೆ ಒಂದು ಮಾತು ಹೇಳಿ ಕಳಿಸಲು ಅವನೇ ತಕ್ಕವನು. ಸೊಸೆಯೊಬ್ಬಳು ಬಳೆಗಾರನಿಗೆ ತನ್ನ ತವರಿನ ದಾರಿ ಮತ್ತು ಮನೆಯ ಗುರುತು ಹೇಳುವ ಜನಪದ ಹಾಡು ಕನ್ನಡಿಗರಿಗೆಲ್ಲ ಗೊತ್ತಿರುವುದೇ. ಹಾಡಿನ ಹಿಂದೆ ಆ ಕಾಲದ ಸಂಪರ್ಕ ವ್ಯವಸ್ಥೆಯೊಂದು ಇದ್ದೇ ಇತ್ತೆಂಬುದು ಮಾತ್ರ ಮರೆತುಹೋಗುತ್ತದೆ.

ಹಬ್ಬ ಜಾತ್ರೆಗಳು ಗೊತ್ತಾದ ದಿನದ ಭೇಟಿಗಳಾಗಿದ್ದವು. ಗೌರಿ ಹಬ್ಬಕ್ಕೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ಕರೆದೊಯ್ಯಬೇಕು, ಆಗದಿದ್ದರೆ ಬಾಗಿನವನ್ನಾದರೂ ಕಳಿಸಬೇಕು. ಬಾಗಿನ ಬರಲಿಲ್ಲವೆಂದರೆ ತವರಿನಲ್ಲಿ ಏನೋ ಕೆಟ್ಟದಾಗಿದೆ ಅಥವಾ ಮನಸ್ತಾಪವಿದೆ ಎಂದೇ ಅರ್ಥ. ಬೆಂಗಳೂರಿನ ಕರಗ, ಬಸವನಗುಡಿಯ ಕಡಲೇಕಾಯಿ ಪರಿಷೆಗಳಿಗೆ ಸುತ್ತಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದವರಿಗೆ ದೇವರ ದರ್ಶನದಷ್ಟೇ ನೆಂಟರನ್ನು ಕಾಣುವುದೂ ಮುಖ್ಯವಾಗಿತ್ತು. ಗಂಡು ಹೆಣ್ಣು ಗೊತ್ತಾಗುವುದು, ಹಳೆಯ ಜಗಳ ಹರಿಯುವುದು, ಸಾಲ ಕೇಳುವುದು ಎಲ್ಲ ಅಲ್ಲಿಯೇ.

ಚದುರಿದ ಕುಲವನ್ನು ಒಂದು ಎಳೆಯಲ್ಲಿ ಪೋಣಿಸಿಟ್ಟವರು ಹೆಳವರು. ಬೇರಾವ ವ್ಯವಸ್ಥೆಗಿಂತ ಇವರದು ಹೆಚ್ಚು ವಿಚಾರಕ್ಕೆ ಅರ್ಹವಾದದ್ದು. ಕಾಲಿನ ಮೇಲೆ ಬಟ್ಟೆ ಹೊದ್ದು, ಕೈಯಲ್ಲಿ ಗಂಟೆ ಹಿಡಿದು, ಸಿಂಗರಿಸಿದ ಎತ್ತಿನ ಮೇಲೆ ಕೂತು ಹೆಳವ ಒಕ್ಕಲಿನ ಮನೆಯ ಮುಂದೆ ಬರುತ್ತಾನೆ. ಆ ಮನೆತನದ ಬೆಡಗು (ಕುಲದ ಕವಲು), ಮೂಲದ ಊರು, ಅಲ್ಲಿಂದ ಯಾರು ಯಾವ ಊರಿಗೆ ಹೋಗಿ ನೆಲೆಸಿದರು, ಅವರ ಮಕ್ಕಳು ಮೊಮ್ಮಕ್ಕಳು ಯಾರು ಎಂಬುದನ್ನು ರಾಗವಾಗಿ ಒಪ್ಪಿಸುತ್ತಾನೆ. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದವರ ಹೆಸರನ್ನು ಕೇಳಿ ಸೇರಿಸಿಕೊಳ್ಳುತ್ತಾನೆ. ದವಸ, ಬಟ್ಟೆ, ಕಾಸು, ಅನುಕೂಲವಿದ್ದ ಮನೆಯಿಂದ ಕರು ಅಥವಾ ಕುರಿ ಅವನಿಗೆ ಸಲ್ಲುವ ಕಾಣಿಕೆ. ಯಾವ ಮನೆತನ ಯಾವ ಹೆಳವನಿಗೆ ಸೇರಿದ್ದು ಎಂಬ ಹಂಚಿಕೆ ಅವರೊಳಗೇ ಇದ್ದುದರಿಂದ ಒಂದೇ ಕುಲದ ಎಲ್ಲ ಕವಲುಗಳನ್ನೂ ಒಬ್ಬನೇ, ಇಲ್ಲವೆ ಅವನ ಅಣ್ಣತಮ್ಮಂದಿರು ಸುತ್ತುತ್ತಿದ್ದರು. ಬರ ಬಂದು ಊರು ಬಿಟ್ಟ ದಾಯಾದಿಗಳು ಈಗ ಎಲ್ಲಿದ್ದಾರೆ ಎಂಬುದು ಉಳಿದವರಿಗೆ ತಿಳಿಯುತ್ತಿದ್ದುದು ಹೀಗೆ. ಓಲೆಗರಿ, ತಾಮ್ರದ ಹಾಳೆಗಳಲ್ಲಿದ್ದ ಅವರ ದಾಖಲೆ ಕಾಲಕ್ರಮದಲ್ಲಿ ಕಾಗದದ ಪುಸ್ತಕಕ್ಕೆ ಬಂತು. ಕಾಶಿ, ಗಯೆಯಲ್ಲಿ ಪಂಡಾಗಳೆಂಬ ತೀರ್ಥಪುರೋಹಿತರು ಇಡುವ ಬಹಿ ಪುಸ್ತಕಗಳೂ ಇದೇ ಜಾತಿಯವು. ಯಾತ್ರೆಗೆ ಹೋದವನು ತನ್ನ ಅಜ್ಜನ ಹೆಸರನ್ನು ಅಲ್ಲಿ ಕಂಡು ತನ್ನದನ್ನೂ ಬರೆಸಿ ಬರುತ್ತಿದ್ದ.

ಕಾಶಿಗೆ ಹೊರಟವನನ್ನು ಮನೆಯವರು ಕಡೆಯ ಬಾರಿಗೆಂಬಂತೆ ಬೀಳ್ಕೊಡುತ್ತಿದ್ದ ಕಾಲವದು. ರೈಲಿಗೆ ಮುಂಚೆ ಹೋಗಿ ಬರಲು ವರ್ಷವಾದರೂ ಬೇಕಾಗಿತ್ತು. ಹೀಗೆ ಹೋದವರ ಸುದ್ದಿ ತಡವಾಗುವುದನ್ನು ಧರ್ಮಶಾಸ್ತ್ರ ಬಹಳ ಹಿಂದೆಯೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಮನುಸ್ಮೃತಿಯ ಪ್ರಕಾರ ದೂರದಲ್ಲಿ ಸತ್ತ ದಾಯಾದಿಯ ಸುದ್ದಿ ಹತ್ತು ದಿನದೊಳಗೆ ತಿಳಿದರೆ ಉಳಿದ ದಿನಗಳಷ್ಟೇ ಸೂತಕ; ಹತ್ತು ದಿನ ಕಳೆದಿದ್ದರೆ ಮೂರು ರಾತ್ರಿ; ವರ್ಷ ದಾಟಿದ್ದರೆ ಸ್ನಾನ ಮಾಡಿದರೆ ಸಾಕು. ಯಾಜ್ಞವಲ್ಕ್ಯ ಸ್ಮೃತಿಗೆ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರದಲ್ಲಿಯೂ ಈ ವಿಚಾರದ ಚರ್ಚೆಯಿದೆ. ಸುದ್ದಿಯೇ ಬಾರದವರಿಗೆ ಹನ್ನೆರಡು ವರ್ಷ ಕಾದು, ದರ್ಭೆ ಮತ್ತು ಮುತ್ತುಗದ ಎಲೆಗಳಿಂದ ಆಕೃತಿ ಮಾಡಿ ಸಂಸ್ಕಾರ ನಡೆಸುವ ಪದ್ಧತಿ ಇತ್ತು. ಬ್ರಿಟಿಷರ 1872ರ ಸಾಕ್ಷ್ಯ ಕಾಯಿದೆ ಈ ಅವಧಿಯನ್ನು ತನ್ನ ಲೆಕ್ಕದಲ್ಲಿ ಏಳು ವರ್ಷಕ್ಕೆ ಇಳಿಸಿತು: ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಯಾವ ಸುದ್ದಿಯೂ ಬಾರದಿದ್ದರೆ, ಆ ವ್ಯಕ್ತಿ ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕು. ಗಂಡ ಕಾಣೆಯಾದ ಹೆಂಗಸಿನ ಪಾಲು, ಜಮೀನಿನ ಹಕ್ಕು ಎರಡೂ ಈ ಲೆಕ್ಕದ ಮೇಲೆ ನಿಂತಿರುತ್ತಿದ್ದವು.

ಕಾಗದ ಸಾಗಿಸುವ ವ್ಯವಸ್ಥೆ ಮೈಸೂರಿಗೆ ಹೊಸದಾಗಿರಲಿಲ್ಲ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯನ್ನು ಸ್ಥಾಪಿಸಿದರು. ಅದರ ಮೊದಲ ಉದ್ದೇಶ ಅರಮನೆಯ ಆಜ್ಞೆಗಳನ್ನು ಮುಟ್ಟಿಸುವುದು ಮತ್ತು ನಾಡಿನ ಸುದ್ದಿಯನ್ನು ಅರಮನೆಗೆ ತರುವುದು. ಅಂಚೆಯ ಜನ ದೊರೆಯ ಗೂಢಚಾರರೂ ಆಗಿದ್ದರೆಂದು ಕರ್ನಲ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಬರೆದಿದ್ದಾನೆ. ಹೈದರಾಲಿ ಅದನ್ನು ವಿಸ್ತರಿಸಿದ. 1799ರ ನಂತರ ದಿವಾನ್ ಪೂರ್ಣಯ್ಯನವರ ಕಾಲದಲ್ಲೂ, 1831ರಿಂದ 1881ರವರೆಗಿನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲೂ ಅದು ಮುಂದುವರಿಯಿತು. ಅಂಚೆಯ ಮೇಲಧಿಕಾರಿಗೆ ಅಂಚೆ ಬಕ್ಷಿ ಎಂದು ಹೆಸರು. ಚೀಲ ಹೊತ್ತ ಹರಿಕಾರ ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡುತ್ತಿದ್ದ. ಕೆಲವು ಮೈಲಿಗೊಂದು ಕಟ್ಟೆಯಲ್ಲಿ ಕಾದಿರುವ ಇನ್ನೊಬ್ಬನಿಗೆ ಚೀಲ ದಾಟಿಸಿದರೆ ಅವನ ಸರದಿ ಮುಗಿಯಿತು. ಗೆಜ್ಜೆಯ ಸದ್ದು ಹಾವು ಚೇಳುಗಳನ್ನು ಓಡಿಸುವುದಕ್ಕೆ, ಮುಂದಿನ ಕಟ್ಟೆಯವನನ್ನು ಎಬ್ಬಿಸುವುದಕ್ಕೆ. ರಾತ್ರಿ ಕಾಡಿನ ದಾರಿಯಲ್ಲಿ ಪಂಜು ಹಿಡಿದವನು ಜೊತೆಗೆ ಬರುತ್ತಿದ್ದ. ಖಾಸಗಿ ಕಾಗದಗಳನ್ನೂ ಈ ಚೀಲದಲ್ಲಿ ಹಾಕಬಹುದಾಗಿತ್ತು. ಸರ್ಕಾರದ ಕಣ್ಣಿಗೆ ಬೀಳಬಹುದಾದ ಹಾದಿಯಲ್ಲಿ ಮನೆಯ ಗುಟ್ಟನ್ನು ಯಾರೂ ಬರೆದು ಕಳಿಸುತ್ತಿರಲಿಲ್ಲವೆಂದು ಊಹಿಸುವುದು ತಪ್ಪಾಗಲಾರದು.

1809ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ನೆಲೆಯಾದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಟಪಾಲೂ ಮೈಸೂರಿನೊಳಗೆ ಬಂತು. ಒಂದೇ ಊರಿನಲ್ಲಿ ಸಂಸ್ಥಾನದ ಅಂಚೆ ಒಂದು, ಕಂಪನಿಯ ಟಪಾಲು ಒಂದು. ಕಂಪನಿಯ ಟಪಾಲಿನಲ್ಲಿ ದೂರಕ್ಕೂ ತೂಕಕ್ಕೂ ದರವಿತ್ತು. 1837ರ ದರಪಟ್ಟಿಯಂತೆ ಕಲ್ಕತ್ತೆಯಿಂದ ಮುಂಬಯಿಗೆ ತೊಲ ತೂಕದ ಕಾಗದಕ್ಕೆ ಒಂದು ರೂಪಾಯಿ. ಕೂಲಿಯವನು ಹಲವು ದಿನ ದುಡಿದರೂ ಅಷ್ಟು ಹಣ ಕೂಡುತ್ತಿರಲಿಲ್ಲ. 1854ರ ಅಕ್ಟೋಬರ್ 1ರಿಂದ ಇದು ಬದಲಾಯಿತು. ಬ್ರಿಟಿಷ್ ಇಂಡಿಯಾದೊಳಗೆ ಎಷ್ಟೇ ದೂರವಾದರೂ ಕಾಲು ತೊಲದ ಕಾಗದಕ್ಕೆ ಅರ್ಧಾಣೆ ಎಂದಾಯಿತು, ಸ್ಟಾಂಪು ಬಂತು. ಸ್ಟಾಂಪು ಹಚ್ಚದ ಬೇರಿಂಗ್ ಕಾಗದಕ್ಕೆ ತೆಗೆದುಕೊಳ್ಳುವವರು ಎರಡರಷ್ಟು ಕೊಡಬೇಕು. ಆದರೂ ಬೇರಿಂಗ್ ಹಾಕುವವರು ಬಹಳ. ದುಡ್ಡು ವಸೂಲಾಗಬೇಕಾದ ಕಾಗದವನ್ನು ಟಪಾಲಿನವನು ದಾರಿಯಲ್ಲಿ ಬಿಸಾಡಲಾರ ಎಂಬುದು ಜನರ ಲೆಕ್ಕ. ಹೊದಿಕೆಯ ಮೇಲಿನ ಗುರುತಿನಿಂದಲೇ ಕ್ಷೇಮ ತಿಳಿದುಕೊಂಡು ಕಾಗದ ಬೇಡವೆಂದು ಹಿಂದಿರುಗಿಸುವ ಜಾಣರೂ ಇದ್ದರು.

ಕಾಗದದ ಒಕ್ಕಣೆಗೆ ಒಂದು ಕಟ್ಟುಪಾಡಿತ್ತು. ತಲೆಯ ಮೇಲೆ ಶ್ರೀಕಾರ ಅಥವಾ ಮನೆದೇವರ ಹೆಸರು. ತಂದೆಗೆ ಬರೆದರೆ ತೀರ್ಥರೂಪು, ತಾಯಿಗೆ ಮಾತೃಶ್ರೀ, ಕಿರಿಯರಿಗೆ ಚಿರಂಜೀವಿ, ಮುತ್ತೈದೆಗೆ ಸೌಭಾಗ್ಯವತಿ, ವಿಧವೆಗೆ ಗಂಗಾಭಾಗೀರಥಿ ಸಮಾನ. ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ಉಭಯಕುಶಲೋಪರಿ ಎಂದ ಮೇಲೆಯೇ ವಿಷಯ ಆರಂಭ. ತಾವು ಕ್ಷೇಮ, ಅವರ ಕ್ಷೇಮಕ್ಕೆ ಕಾಗದ ಬರೆಸಬೇಕು ಎಂಬ ಮಾತು ತಪ್ಪದೆ ಇರುತ್ತಿತ್ತು. ಮಳೆ ಬೆಳೆ, ದನಕರು, ಹೆರಿಗೆ, ಸಾಲ ಆದ ಮೇಲೆ ಉಳಿದ ಅಂಚಿನಲ್ಲಿ ಮನೆಮಂದಿಯೆಲ್ಲರ ಹೆಸರು ಹಿಡಿದು ನಮಸ್ಕಾರ. ವಿಳಾಸವೇ ಒಂದು ಸಣ್ಣ ವಂಶಾವಳಿ: ಇಂಥ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮದಲ್ಲಿರುವ ಇಂಥವರ ಮಗ ಇಂಥವರಿಗೆ ಮುಟ್ಟಬೇಕು. ಹಳೆಯ ರೂಢಿಯವರು ಓಲೆಯ ಮೇಲೆ ಕಬ್ಬಿಣದ ಕಂಟದಿಂದ ಗೀರುತ್ತಿದ್ದರು. ಕಾಗದವಾದರೆ ಲೆಕ್ಕಣಿಕೆಯನ್ನು ಕಾಡಿಗೆಯ ಮಸಿಯಲ್ಲಿ ಅದ್ದಿ ಬರೆದು, ನುಣ್ಣನೆಯ ಮರಳು ಉದುರಿಸಿ ಒಣಗಿಸಿ, ಮಡಿಚಿ ಅಂಟು ಹಚ್ಚುತ್ತಿದ್ದರು. ಅನುಕೂಲಸ್ಥರದಾದರೆ ಮೇಲೆ ಅರಗಿನ ಮುದ್ರೆ.

ಓದುಬರಹ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಬರೆಯುವ ಕೆಲಸ ಶಾನುಭೋಗರದು, ಇಲ್ಲವೆ ಕೂಲಿಮಠದ ಐಗಳದು. ಲೆಕ್ಕ ಬರೆಯುವ ಕೈಯಾದ್ದರಿಂದ ಎಷ್ಟೋ ಕಾಗದಗಳು ಮೋಡಿ ಅಕ್ಷರದಲ್ಲಿ ಇರುತ್ತಿದ್ದವು. ಬಂದ ಕಾಗದ ಓದಲು ಆ ಊರಿನ ಶಾನುಭೋಗರನ್ನೇ ಹುಡುಕಬೇಕು. ಸೊಸೆ ತವರಿಗೆ ಬರೆಸಿದ ಕಾಗದದಲ್ಲಿ ಅವಳ ಕಷ್ಟ ಕಾಣಿಸದಿರುವುದಕ್ಕೆ ಇದೇ ಕಾರಣ. ಹೇಳುವಾಗ ಪಕ್ಕದಲ್ಲಿ ಮಾವ ಕೂತಿರುತ್ತಾರೆ, ಬರೆಯುವವರು ಊರಿನ ಹಿರಿಯರು. ಕಾಗದದಲ್ಲಿ ಎಲ್ಲರೂ ಕ್ಷೇಮ. ನಿಜವಾದ ಸುದ್ದಿ ಬಳೆಗಾರನ ಬಾಯಲ್ಲಿ. ಹೆಣ್ಣುಮಕ್ಕಳು ತಾವೇ ಬರೆಯುವ ಕಾಲ ಶತಮಾನದ ಕೊನೆಗೆ, ಅದೂ ಪಟ್ಟಣದ ಕೆಲವು ಮನೆಗಳಲ್ಲಿ, ಆರಂಭವಾಯಿತು. ಮೈಸೂರಿನ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ತೆರೆದದ್ದು 1881ರಲ್ಲಿ.

ಶುಭ ಅಶುಭಗಳಿಗೆ ಅಕ್ಷರ ಬಾರದವರಿಗೂ ತಿಳಿಯುವ ಗುರುತುಗಳಿದ್ದವು. ಲಗ್ನಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ. ಸಾವಿನ ಕಾಗದವಾದರೆ ಮೂಲೆ ಹರಿದೋ ಸುಟ್ಟೋ ಇರುತ್ತಿತ್ತು. ಅದನ್ನು ಹೊಸಿಲ ಒಳಗೆ ತರದೆ ಹೊರಗೇ ಓದಿಸಿ, ಹರಿದು ಹಾಕಿ, ಸ್ನಾನ ಮಾಡಿ ಒಳಗೆ ಬರಬೇಕು. ಮದುವೆಗೆ ಕಾಗದವೊಂದನ್ನೇ ಕಳಿಸಿದರೆ ಹತ್ತಿರದ ನೆಂಟರು ಬರುತ್ತಿರಲಿಲ್ಲ. ಮನೆಯವರೇ ಹೋಗಿ ಅಕ್ಷತೆ ಕೊಟ್ಟು ಕರೆಯಬೇಕೆಂಬ ಕಟ್ಟಳೆ ಅಂಚೆ ಅಗ್ಗವಾದ ಮೇಲೂ ಸಡಿಲಲಿಲ್ಲ.

ಕಡಲಾಚೆಗೆ ಬಂಧುಗಳಿದ್ದವರು ಈ ಸೀಮೆಯಲ್ಲಿ ಹೆಚ್ಚಾಗಿ ಯೂರೋಪಿನವರೇ. ಶತಮಾನದ ಆರಂಭದಲ್ಲಿ ಹಾಯಿಹಡಗು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ಬರಲು ಐದಾರು ತಿಂಗಳಾಗುತ್ತಿತ್ತು, ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ವರ್ಷ ಕಳೆದಿರುತ್ತಿತ್ತು. ಸೈನಿಕರಿಗೆ 1795ರ ಕಾಯಿದೆಯಂತೆ ಒಂದು ಪೆನ್ನಿಗೆ ಕಾಗದ ಕಳಿಸುವ ರಿಯಾಯಿತಿಯಿತ್ತು, ಮೇಲಧಿಕಾರಿಯ ರುಜು ಬೇಕಾಗಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹಬೆಹಡಗಿನ ವಾರದ ಟಪಾಲಿನಲ್ಲಿ ಲಂಡನ್ನಿನ ಕಾಗದ ಎರಡು ಮೂರು ವಾರಕ್ಕೆ ಬೆಂಗಳೂರಿಗೆ ಸೇರತೊಡಗಿತು. 1896ರಲ್ಲಿ ಬೆಂಗಳೂರು ದಂಡಿಗೆ ಬಂದ ವಿನ್ಸ್‌ಟನ್ ಚರ್ಚಿಲ್ ತಾಯಿಗೆ ಪುಸ್ತಕ, ಹಣ ಕೇಳಿ ಬರೆದದ್ದು ಈ ಟಪಾಲಿನಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಪಾದ್ರಿಗಳ ಸ್ಥಿತಿ ಇದಕ್ಕಿಂತ ಕಠಿಣ. ಮದುವೆಗೂ ಬಾಸೆಲಿನ ಒಪ್ಪಿಗೆ ಬೇಕಿತ್ತು. ಮಕ್ಕಳನ್ನು ಎಳವೆಯಲ್ಲೇ ಸ್ವದೇಶಕ್ಕೆ ಕಳಿಸಿ, 1853ರಿಂದ ಅಲ್ಲಿದ್ದ ಮಕ್ಕಳ ಮನೆಯಲ್ಲಿ ಬಿಡುತ್ತಿದ್ದರು. ಆಮೇಲೆ ತಂದೆತಾಯಿ ಮಕ್ಕಳಿಗೆ ಪರಿಚಯವಾಗಿ ಉಳಿಯುತ್ತಿದ್ದುದು ಕಾಗದದ ಅಕ್ಷರಗಳಲ್ಲಿ.

ಕನ್ನಡ ನಾಡಿನಿಂದ ಕಡಲಾಚೆ ಹೋದ ಒಂದು ಸಂಸಾರವೆಂದರೆ ಕೊಡಗಿನ ಕೊನೆಯ ಅರಸು ಚಿಕ್ಕವೀರರಾಜೇಂದ್ರನದು. 1834ರಲ್ಲಿ ಪಟ್ಟ ಕಳೆದುಕೊಂಡು ಕಾಶಿಯಲ್ಲಿದ್ದ ಆತ 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದ. ಅದೇ ವರ್ಷ ಜೂನ್ 30ರಂದು ವಿಕ್ಟೋರಿಯ ರಾಣಿಯ ಆಶ್ರಯದಲ್ಲಿ ಹುಡುಗಿಗೆ ಕ್ರೈಸ್ತ ದೀಕ್ಷೆಯಾಗಿ ಆಕೆಯನ್ನು ಇಂಗ್ಲಿಷ್ ಕುಟುಂಬಗಳಲ್ಲಿ ಬೆಳೆಸಿದರು. ತಂದೆಯೂ ಅದೇ ದೇಶದಲ್ಲಿದ್ದ, ಭೇಟಿಗೆ ನಿರ್ಬಂಧವಿತ್ತು. ಆತ 1859ರಲ್ಲಿ, ಆಕೆ 1864ರಲ್ಲಿ ಅಲ್ಲಿಯೇ ತೀರಿಕೊಂಡರು. ಉಳಿದ ಮನೆಯವರು ಕಾಶಿಯಲ್ಲಿದ್ದರು.

ಕೊಡಗಿನಲ್ಲೇ 1854ರ ನಂತರ ಯೂರೋಪಿಯನ್ನರ ಕಾಫಿ ತೋಟಗಳು ಬೆಳೆದಾಗ ಕರಾವಳಿಯಿಂದ, ಮೈಸೂರು ಬಯಲಿನಿಂದ ಜನ ಘಟ್ಟಕ್ಕೆ ಹೋಗತೊಡಗಿದರು. ಅವರಿಗೂ ಊರಿಗೂ ನಡುವಿನ ಕೊಂಡಿ ಮೇಸ್ತ್ರಿ. ಮುಂಗಡ ಕೊಟ್ಟು ಕರೆತರುವವನು ಅವನೇ, ಮನೆಗೆ ಹಣ, ಸುದ್ದಿ ಒಯ್ಯುವವನೂ ಅವನೇ. ಆ ಹಣದಲ್ಲಿ ಎಷ್ಟು ಊರು ಸೇರಿತೆಂಬುದು ಅವನ ಪ್ರಾಮಾಣಿಕತೆಗೆ ಬಿಟ್ಟದ್ದು.

ರೈಲು ಈ ಚಿತ್ರವನ್ನು ಬೇಗ ಬದಲಿಸಿತು. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ 1864ರ ಆಗಸ್ಟ್ 1ರಂದು ಗಾಡಿ ಓಡಿ ಮದರಾಸು ಒಂದು ರಾತ್ರಿಯ ದೂರವಾಯಿತು. ಬೆಂಗಳೂರು ಮೈಸೂರು ಹಳಿಯ ಮಣ್ಣಿನ ಕೆಲಸದಲ್ಲಿ 1876–78ರ ಮಹಾಬರದ ಸಂತ್ರಸ್ತರು ದುಡಿದರು. ಆ ಬರದ ಏಟನ್ನು ಜನಗಣತಿ ಹೇಳುತ್ತದೆ: ಮೈಸೂರಿನ ಜನಸಂಖ್ಯೆ 1871ರಲ್ಲಿ ಸುಮಾರು 50.5 ಲಕ್ಷ, 1881ರಲ್ಲಿ ಸುಮಾರು 41.9 ಲಕ್ಷ. ಗಂಜಿ ಕೇಂದ್ರ ಹುಡುಕಿಕೊಂಡು ಹೊರಟ ಸಂಸಾರಗಳು ದಾರಿಯಲ್ಲಿ ಒಡೆದುಹೋದವು. ಓದುಬರಹ ಬಾರದವರಿಗೆ, ನೆಲೆಯೇ ಇಲ್ಲದವರಿಗೆ ಟಪಾಲಿನಿಂದ ಉಪಯೋಗವಿರಲಿಲ್ಲ. ಕೆಂಗೇರಿಯನ್ನು ಹಾಯ್ದು ಹೋಗುವ ಈ ಮೈಸೂರು ರೈಲುದಾರಿ 1881–82ರಲ್ಲಿ ಸಂಚಾರಕ್ಕೆ ತೆರೆದಾಗ ನಾಲ್ಕೈದು ದಿನದ ಮೈಸೂರು ಪ್ರಯಾಣ ಒಂದು ಹಗಲಿನೊಳಗೆ ಬಂತು. 1889ರಲ್ಲಿ ಹರಿಹರದವರೆಗೆ ಹಳಿ ಕೂಡಿ ಹುಬ್ಬಳ್ಳಿ, ಧಾರವಾಡಗಳ ನೆಂಟರೂ ಹತ್ತಿರವಾದರು. ಮಂಗಳೂರು ಮಾತ್ರ 1907ರವರೆಗೂ ರೈಲು ಕಾಣಲಿಲ್ಲ. ಮುಂಬಯಿಗೆ ದುಡಿಯಲು ಹೋದ ಕರಾವಳಿಯವರ ಸುದ್ದಿ ಪತ್ತೇಮಾರಿ ಎಂಬ ಹಾಯಿದೋಣಿ, ಹಬೆಹಡಗುಗಳಲ್ಲೇ ಬರಬೇಕಿತ್ತು, ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು.

ತಂತಿ 1850ರ ದಶಕದಲ್ಲಿ ಸಾರ್ವಜನಿಕರಿಗೆ ತೆರೆದರೂ ಸಂಸಾರಿಗಳು ಅದನ್ನು ಬಳಸಿದ್ದು ಸಾವು ಅಥವಾ ಸಾವಿನಂಚಿನ ಕಾಯಿಲೆಗೆ. ತಂತಿ ಬಂತೆಂದರೆ ಒಡೆದು ನೋಡುವ ಮೊದಲೇ ಅಳು ಆರಂಭವಾಗುತ್ತಿತ್ತು.

ನಿಜವಾದ ತಿರುವು 1879ರ ಜುಲೈ 1ರಂದು ಬಂದ ಪೋಸ್ಟ್ ಕಾರ್ಡು. ಬೆಲೆ ಕಾಲಾಣೆ, ಅಂದರೆ ಮೂರು ಕಾಸು. ಇಂಗ್ಲೆಂಡಿನಲ್ಲಿ ಕಾರ್ಡು ಬಂದಾಗ ಆಳುಗಳೂ ಓದಿಬಿಡುತ್ತಾರೆಂದು ಕೆಲವರು ಆಕ್ಷೇಪಿಸಿದ್ದುಂಟು. ಕಾಗದವನ್ನು ಹೇಗೂ ಊರೆಲ್ಲ ಕೇಳುತ್ತಿದ್ದ ಇಲ್ಲಿ ಆ ಅಳುಕಿಗೆ ಎಡೆಯಿರಲಿಲ್ಲ. ಮರುವರ್ಷ ಮನಿಯಾರ್ಡರ್ ಅಂಚೆ ಕಚೇರಿಗಳಿಗೆ ಬಂತು. ಅಲ್ಲಿಯವರೆಗೆ ಹಣ ಕಳಿಸಲು ಪೇಟೆಯ ಸಾಹುಕಾರರ ಹುಂಡಿ, ಇಲ್ಲವೆ ನಂಬಿಕಸ್ಥರ ಸೊಂಟದ ಗಂಟು. ಬರಬರುತ್ತ ಗೌರಿ ಹಬ್ಬದ ಬಾಗಿನದ ದುಡ್ಡೂ ಮನಿಯಾರ್ಡರಿನಲ್ಲಿ ಹೋಗುವಂತಾಯಿತು. ಫಾರಂನ ಅಂಚಿನ ಸಣ್ಣ ಜಾಗದಲ್ಲಿ ನಾಲ್ಕು ಮಾತು ಬರೆದರೆ ಬೇರೆ ಕಾಗದದ ಖರ್ಚೂ ಉಳಿಯುತ್ತಿತ್ತು.

ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1889ರಲ್ಲಿ, ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು. ತಿರುವಾಂಕೂರು ಅಂಚಲ್ ಎಂಬ ತನ್ನ ಅಂಚೆಯನ್ನು 1951ರವರೆಗೂ ಉಳಿಸಿಕೊಂಡಿತು. ಮೈಸೂರಿನವರು ಬಿಟ್ಟುಕೊಟ್ಟದ್ದರಿಂದ ಸಂಸ್ಥಾನದ ಹೆಮ್ಮೆಯೊಂದು ಹೋಯಿತು. ಹಳ್ಳಿಯವರಿಗೆ ಆದ ಲಾಭವೆಂದರೆ ಕೆಂಗೇರಿ ಹೋಬಳಿಯಿಂದ ಧಾರವಾಡಕ್ಕೋ ಮದರಾಸಿಗೋ ಒಂದೇ ದರ, ಒಂದೇ ಇಲಾಖೆ.

ಈ ಕಾಗದಗಳಲ್ಲಿ ಉಳಿದಿರುವುದು ಬಹಳ ಕಡಿಮೆ. ಸಾವಿನ ಕಾಗದವನ್ನು ಹರಿಯುತ್ತಿದ್ದರು; ಉಳಿದವನ್ನು ಗೋಡೆಯ ಮೊಳೆಗೆ ನೇತುಹಾಕಿದ ಕಬ್ಬಿಣದ ತಂತಿಗೆ ಚುಚ್ಚಿಡುತ್ತಿದ್ದರು. ತಂತಿ ತುಂಬಿದಾಗ ಕೆಳಗಿನವು ಒಲೆಗೆ ಹೋಗುತ್ತಿದ್ದವು, ಗೆದ್ದಲು ತನ್ನ ಪಾಲು ತೆಗೆದುಕೊಳ್ಳುತ್ತಿತ್ತು. ಮಿಷನರಿಗಳ ಕಾಗದಪತ್ರಗಳು ಬಾಸೆಲಿನ ಸಂಗ್ರಹದಲ್ಲಿವೆ, ಚರ್ಚಿಲ್ಲನವು ಕೇಂಬ್ರಿಜ್‌ನಲ್ಲಿ. ಆದ್ದರಿಂದ ದಂಡಿನ ಬಂಗಲೆಗಳ ಒಳಗಿನ ಬದುಕು ಇತಿಹಾಸಕಾರರಿಗೆ ಸಿಕ್ಕಷ್ಟು ಹಳ್ಳಿಯ ಮನೆಗಳದು ಸಿಕ್ಕಿಲ್ಲ. ರೈತ ಮನೆತನಗಳು ಎಲ್ಲಿಂದ ಎಲ್ಲಿಗೆ ಹೋದವು ಎಂಬುದಕ್ಕೆ ಹೆಳವರ ಪುಸ್ತಕಗಳೇ ಈಗಲೂ ಮುಖ್ಯ ಆಧಾರ. ಅವನ್ನು ಇಟ್ಟುಕೊಂಡು ಒಕ್ಕಲಿನ ಮನೆಗಳಿಗೆ ಸುತ್ತುವ ಕಸುಬು, ಎತ್ತಿನ ಬದಲು ಮೋಟಾರು ವಾಹನಗಳಲ್ಲಿ, ಇಂದಿಗೂ ನಡೆದಿದೆ.